ಗುರುವಾರ ತಪ್ಪಿಸಿದ ಗಾಯಕಿ

ದೇವರಾಣೆ, ಇದು ನಡೆದ ಕತೆ. ಉಪ್ಪುಖಾರ ಹಚ್ಚಿದವರು ಡೆಟ್ರಾಯಿಟ್‌ನ ಚರ್ಚಿನವರೇ.

ಸೋಲ್, ಜಾಝ್ ಎರಡೂ ಬಗೆಯ ಸಂಗೀತದಲ್ಲಿ ಮೆರೆದ ವರ್ನಿಟಾ ಟಿಬ್ಸ್ ಹಾಡಿದರೆ ಪ್ಯಾರಿಸ್ಸಿನವರು ಎದ್ದು ನಿಲ್ಲುತ್ತಿದ್ದರು. ತವರು ಚರ್ಚಿನಲ್ಲಿ ಮಾತ್ರ ಆ ಭಾನುವಾರ ಬೆಳಿಗ್ಗೆ ಅವಳನ್ನೇ ಹಾಡಲು ಬಿಡದೆ ಬೆಂಚಿನಲ್ಲಿ ಕೂರಿಸಿಬಿಟ್ಟರು. ಕಾರಣ ಇಷ್ಟೇ: ಗಾಯನವೃಂದದ ಗುರುವಾರದ ಅಭ್ಯಾಸಕ್ಕೆ ಅವಳು ಬಂದಿರಲಿಲ್ಲ.

"ಸಂಜೆ ಚರ್ಚಿನ ವಾರ್ಷಿಕೋತ್ಸವಕ್ಕೆ, ಅಮ್ಮ ಇಲ್ಲಿ ಹಾಡ್ತಿದ್ದ ಹಾಡು ನಾನೇ ಹಾಡ್ಬೇಕು, ಮದರ್ ಯೂಲಾ. ಅದಕ್ಕೇ ಅಲ್ವಾ ಲಂಡನ್ನಿಂದ ಹಾರಿ ಬಂದಿರೋದು?"

ಎಲ್ಲರೂ ಮದರ್ ಎಂದೇ ಕರೆಯುವ ಗಾಯನವೃಂದದ ಹಿರಿಯಮ್ಮ ಯೂಲಾ, ಬಾಣಲೆಯಷ್ಟಗಲದ ಬಿಳಿ ಹ್ಯಾಟು ಅಲ್ಲಾಡಿಸಿದಳು. "ಗುರುವಾರ ಬರದೋರು ಭಾನುವಾರ ಹಾಡೋ ಹಾಗಿಲ್ಲ ಕಣೇ. ನಿಮ್ಮಮ್ಮ ನಿನ್ನ ಹೆತ್ತ ವಾರಾನೂ ತಪ್ಪಿಸ್ಲಿಲ್ಲ."

"ಗುರುವಾರ ಲಂಡನ್ನಲ್ಲಿ ನನ್ನ ಸಂಗೀತ ಕಚೇರಿ ಇತ್ತು!"

"ಇರ್ಲಿ. ಅವರ ಗುರುವಾರ ಅವರಿಗೆ, ನಮ್ಮದು ನಮಗೆ."

"ನಮ್ಮ್‌ದು ನಮ್‌ಗೇಏ..." ಎಂದು ಆರ್ಗನ್ ನುಡಿಸುವ ಕ್ಲೀಟಸ್ ಯೂಲಾಳ ದನಿಯನ್ನೇ ಮೂಗಿನಲ್ಲಿ ಎಳೆದು ಅಣಕಿಸಿದ. ಯೂಲಾ ಅವನ ಕಿವಿಯಲ್ಲಿ ಏನೋ ಉಸುರಿದಳು. ಅವನ ಮುಖ ಕರಿದ ಮೀನು ಕಂಡ ಬೆಕ್ಕಿನಂತಾಯಿತು.

ವರ್ನಿಟಾ ಬಗ್ಗುವವಳೇ? ನಿಯಮವಿರುವುದು ವೃಂದಕ್ಕೆ, ಬೆಂಚಿಗಲ್ಲ. ಭಕ್ತರು ಎದ್ದು ದೇವರ ಕೃಪೆಗೆ ಸಾಕ್ಷಿ ಹೇಳುವ ಹೊತ್ತಿನಲ್ಲಿ ಕೂತವರು ಯಾರು ಹಾಡೆತ್ತಿದರೂ ಚರ್ಚು ದನಿಗೂಡಿಸಲೇಬೇಕು. ಈಗ ಹಾಡಿ ತೋರಿಸಿದರೆ ಸಂಜೆ ತಾವಾಗಿಯೇ ಬೇಡಿಕೊಂಡು ಬರುತ್ತಾರೆ! ಆ ಹೊತ್ತು ಬಂದದ್ದೇ ಅವಳು ಎದ್ದು ಅಮ್ಮನ ಹಾಡೆತ್ತಿದಳು.

"ಹಾಡಮ್ಮಾ, ಹಾಡು!" ಎಂದವು ಬೆಂಚುಗಳು.

ಎರಡನೆಯ ಸುತ್ತಿನಲ್ಲಿ ಕ್ಲೀಟಸ್ ಶ್ರುತಿಯನ್ನು ಒಂದು ಮೆಟ್ಟಿಲು ಏರಿಸಿದ. ಅವಳೂ ಏರಿದಳು. ಮತ್ತೆ ಏರಿಸಿದ. ಏರಿದಳು. ಅವನ ಬೆರಳೂ ನಿಲ್ಲಲಿಲ್ಲ, ಅವಳ ಹಟವೂ ನಿಲ್ಲಲಿಲ್ಲ. ಕತ್ತಿನ ನರ ಡೇರೆಯ ಹಗ್ಗದಂತೆ ಬಿಗಿಯಿತು, ದನಿ ಕೀರಲಾಯಿತು.

"ಸಾಕು, ಕೂತ್ಕೋ ಮಗಳೇ," ಎಂದಳು ಯೂಲಾ, ಸಕ್ಕರೆ ಸುರಿಸಿ.

"ನನ್ನನ್ನ ಕೂರಿಸೋರು ಇನ್ನೂ ಹುಟ್ಟಿಲ್ಲ!" ಎಂದವಳೇ ವರ್ನಿಟಾ, ಏಣಿಯ ತುದಿಯಿಂದ ಸೀದಾ ಬಾವಿಗೆ ಹಾರಿದವಳಂತೆ ತಳದ ಸ್ಥಾಯಿಗಿಳಿದು ಗುಡುಗಿದಳು. ಕೂತವರ ಕೈಯ ಬೀಸಣಿಗೆಗಳು ನಿಂತವು. ಮರುಕ್ಷಣ ಇಡೀ ಚರ್ಚು ಎದ್ದು ಕುಣಿಯಿತು. ಕ್ಲೀಟಸ್ ಎರಡೂ ಕೈ ಎತ್ತಿ ಶರಣಾದ.

ವರ್ನಿಟಾ ಸೊಂಟಕ್ಕೆ ಕೈಯಿಟ್ಟು ಯೂಲಾಳೆದುರು ನಿಂತಳು. "ಈಗೇನಂತೀರಿ?"

"ಇದೇ ಬೇಕಿತ್ತು ಕಣೇ! ಮುದುಕ ಏಮೋಸ್ ಹೋದಾಗಿಂದ ನಮ್ಮಲ್ಲಿ ತಳದ ಸ್ಥಾಯೀಲಿ ಹಾಡೋರೇ ಇರ್ಲಿಲ್ಲ. ಮೇಲಿನ ದಾರಿ ಮುಚ್ಚು, ಹಟಮಾರಿ ಕೆಳಗಿಂದ ನುಗ್ತಾಳೆ ಅಂತ ನಾನೇ ಕ್ಲೀಟಸ್‌ಗೆ ಹೇಳಿದ್ದು. ಬರೋ ಗುರುವಾರ ಬಂದುಬಿಡು. ಹಿಂದಿನ ಸಾಲು, ಗಂಡಸರ ಮಧ್ಯೆ."

"ಮತ್ತೆ ಸಂಜೆ ಅಮ್ಮನ ಹಾಡು?"

ಯೂಲಾ ಹ್ಯಾಟು ಸರಿಪಡಿಸಿಕೊಂಡಳು. "ಅದು ನಾನು ಹಾಡ್ತೀನಿ. ನಾನು ಗುರುವಾರ ಬಂದಿದ್ದೆ."

ಕ್ಲೀಟಸ್ ನಕ್ಕ, ಬೆಂಚುಗಳು ನಕ್ಕವು. ಎಲ್ಲರಿಗಿಂತ ಜೋರಾಗಿ, ಅದೇ ತಳದ ಸ್ಥಾಯಿಯಲ್ಲಿ, ಕಿಟಕಿ ಗಾಜು ನಡುಗುವಂತೆ ನಕ್ಕವಳು ವರ್ನಿಟಾ.