ಕಾಕಾ ನಂಬದ ಮೀಟರು

ನಮ್ಮ ಕಾಕಾ ಹುಟ್ಟಿದ ಕೂಡಲೇ ಅಳಲಿಲ್ಲವಂತೆ. ಮೊದಲು ಒಂದು ಕಣ್ಣು ಬಿಟ್ಟು ಸೂಲಗಿತ್ತಿಯನ್ನು ಸಂಶಯದಿಂದ ನೋಡಿ, ಇವಳು ಸೂಲಗಿತ್ತಿಯೇ ಹೌದೆಂದು ಖಾತ್ರಿಯಾದ ಮೇಲೆ ಅತ್ತರಂತೆ! ಇದನ್ನು ಹೇಳಿದವರು ನಮ್ಮ ಅಪ್ಪ. ಅಪ್ಪ ಕಾಕಾಗಿಂತ ನಾಲ್ಕೇ ವರ್ಷ ದೊಡ್ಡವರು. ಬಾಗಿಲ ಹೊರಗೆ ನಿಂತಿದ್ದ ನಾಲ್ಕು ವರ್ಷದ ಹುಡುಗ ಒಳಗಿನದನ್ನು ಹೇಗೆ ಕಂಡ ಎಂದು ನೀವು ಕೇಳಬಹುದು. ಕಾಕಾನನ್ನು ಬಲ್ಲವರು ಯಾರೂ ಇಲ್ಲಿಯವರೆಗೆ ಕೇಳಿಲ್ಲ.

ಪುಣೆಯ ಯೆರವಡಾದಲ್ಲಿ ನಮ್ಮದು ಎರಡಂತಸ್ತಿನ ಬಾಡಿಗೆ ಮನೆ. ಕೆಳಗೆ ಕಾಕಾ ಮತ್ತು ಕಾಕು, ಮೇಲೆ ಅಪ್ಪ, ಅವ್ವ ಮತ್ತು ನಾನು. ನಡುವೆ ಹದಿನಾಲ್ಕು ಮೆಟ್ಟಿಲು. ಗದಗಿನ ಕಡೆಯಿಂದ ಹೊಟ್ಟೆಪಾಡಿಗೆ ಬಂದ ಅಣ್ಣತಮ್ಮಂದಿರು ಒಂದೇ ಸೂರಿನಡಿ ಇರಬೇಕೆಂದು ಹಟ ಹಿಡಿದು ಹುಡುಕಿದ ಮನೆ ಅದು. ಅಪ್ಪ ಆಫೀಸೊಂದರಲ್ಲಿ ಗುಮಾಸ್ತರು. ಕಾಕಾ ಕಿರಾಣಿ ಸಗಟು ಅಂಗಡಿಯಲ್ಲಿ ತೂಕ ನೋಡಿಕೊಳ್ಳುವವರು. ತಕ್ಕಡಿಯ ಮುಳ್ಳನ್ನು ವರ್ಷಗಟ್ಟಲೆ ನೋಡಿ ನೋಡಿ ಅವರಲ್ಲಿ ಒಂದು ಸಿದ್ಧಾಂತ ಹುಟ್ಟಿತ್ತು: ಅಲುಗಾಡುವುದು ಕಣ್ಣಿಗೆ ಕಾಣಬೇಕು, ಕಾಣದಿದ್ದರೆ ಅಲ್ಲಿ ಏನೋ ಮೋಸವಿದೆ. ಅಂಗಡಿಗೆ ಅಂಕಿ ತೋರಿಸುವ ತೂಕದ ಯಂತ್ರ ಬಂದ ದಿನ ತಾವೇ ಅದರ ಮೇಲೆ ಹತ್ತಿ ನಿಂತರು. ಇಳಿದರು. ಮತ್ತೆ ಹತ್ತಿದರು. ಎರಡೂ ಸಲ ಒಂದೇ ಅಂಕಿ ಬಂತು. "ಬಾಯಿಪಾಠ ಮಾಡಿಟ್ಟದ ಇದು" ಎಂದು ಮಾಲೀಕರಿಗೆ ಎಚ್ಚರಿಕೆ ಕೊಟ್ಟು ಬಂದರು.

ಇಂಥ ಮನುಷ್ಯ ಜಗತ್ತಿನಲ್ಲಿ ಪೂರ್ತಿಯಾಗಿ ನಂಬಿದ್ದು ಒಂದೇ ವಸ್ತುವನ್ನು. ಅದು ಕರೆಂಟಿನ ಮೀಟರಿನೊಳಗಿನ ಚಕ್ರ. ಮೆಟ್ಟಿಲ ಕೆಳಗೆ ಕಟ್ಟಿಗೆಯ ಹಲಗೆಯ ಮೇಲೆ ಎರಡು ಮೀಟರುಗಳಿದ್ದವು, ಎಡಗಡೆಯದು ಕಾಕಾಂದು, ಬಲಗಡೆಯದು ನಮ್ಮದು. ಗಾಜಿನ ಹಿಂದೆ ಅಡ್ಡಡ್ಡ ತಿರುಗುವ ತೆಳ್ಳನೆಯ ಚಕ್ರ, ಅದರ ಅಂಚಿನಲ್ಲಿ ಒಂದು ಗುರುತು. ಅದು ತಿರುಗುವ ವೇಗ ನೋಡಿ ಯಾವ ಮನೆಯಲ್ಲಿ ಏನು ನಡೆದಿದೆ ಎಂದು ಕಾಕಾ ಹೇಳಬಲ್ಲವರಾಗಿದ್ದರು. ಒಮ್ಮೆ ಕೆಳಗಿನಿಂದ ಅತ್ತಿಗೆಗೆ ಕಾಕಾನ ಕೂಗು ಬಂತು: "ವೈನಿ, ಇಸ್ತ್ರಿ ಹಚ್ಚಿ ಮರತೀರೇನ್ರಿ?" ಅವ್ವ ಓಡಿದಳು. ಅಪ್ಪನ ಪ್ಯಾಂಟು ಕೂದಲೆಳೆಯ ಅಂತರದಲ್ಲಿ ಉಳಿಯಿತು. ಅವ್ವ ಉಪಕಾರ ಸ್ಮರಿಸುವುದನ್ನು ಬಿಟ್ಟು, "ಇನ್ನ ಮ್ಯಾಲ ನಾ ಮನ್ಯಾಗ ಉಸರಾಡಿದ್ರೂ ಇವರಿಗೆ ಗೊತ್ತಾಗತದ" ಎಂದು ಗೊಣಗಿದಳು.

ಪ್ರತಿ ತಿಂಗಳೂ ಒಂದು ಭಾನುವಾರ ಕಾಕಾನ ಮೀಟರಿಗೆ ಅಗ್ನಿಪರೀಕ್ಷೆ. ಕಾಕು ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ "ಎಲ್ಲಾ ಬಂದ್ ಮಾಡೇನ್ರಿ" ಎಂದು ಕೂಗಬೇಕು, ಕಾಕಾ ಚಕ್ರ ನಿಂತಿತೇ ಎಂದು ನೋಡಬೇಕು. ತೊಂಬತ್ತರ ದಶಕದ ಒಂದು ಭಾನುವಾರ ಅದು ನಿಲ್ಲಲಿಲ್ಲ. ಊಟ ಮುಗಿಸಿ ಅಡ್ಡಾಡಲು ಹೊರಟ ಹಿರಿಯರ ಹಾಗೆ ಆ ಗುರುತು ಒಂದು ತುದಿಯಿಂದ ಹೊರಟು ನಿಧಾನವಾಗಿ ಇನ್ನೊಂದು ತುದಿಗೆ ಹೋಗಿ ಮರೆಯಾಯಿತು, ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಕಾಕಾ ಕುರ್ಚಿ ತರಿಸಿಕೊಂಡು ಅಲ್ಲೇ ಕೂತರು. ಮಧ್ಯಾಹ್ನದ ಹೊತ್ತಿಗೆ ತೀರ್ಪು ಸಿದ್ಧವಾಗಿತ್ತು. ಮೆಟ್ಟಿಲ ಮೇಲೆ ಹಗಲೂ ಉರಿಯುತ್ತಿದ್ದ ಬಲ್ಬು!

"ಅಣ್ಣಾ, ಆ ಮೆಟ್ಟಲದ ಬಲ್ಬ್ ನನ್ನ ಮೀಟರಿನ ಮ್ಯಾಲ ಅದ."

"ಇಲ್ಲೋ, ನನ್ನ ಮೀಟರಿನ ಮ್ಯಾಲ ಅದ."

"ಹಂಗಾರ ನನ್ನ ಚಕ್ರ ಯಾಕ ತಿರಗತದ?"

ಅಪ್ಪ ಸ್ಟೂಲು ಹತ್ತಿ, ಬಲ್ಬು ಬಿಚ್ಚಿ, ತಮ್ಮನ ಕೈಗೆ ಕೊಟ್ಟರು. ಚಕ್ರ ಮಾತ್ರ ತಿರುಗುತ್ತಲೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ಕಾಕಾ ಹೇಳಿದ್ದು, "ಬಲ್ಬ್ ತಗದ್ರ ಏನಾತು, ವೈರ್ ಇನ್ನೂ ಅಲ್ಲೇ ಅದ ಅಲ್ಲ?" ಅಪ್ಪನ ಸಿಟ್ಟು ನೆತ್ತಿಗೇರಿತು. "ನಾ ನಿನ್ನ ಕರೆಂಟ ಕದಿಯಾಂವ ಅಂತೀ ಏನು?" ಎಂದು ಕೇಳಿದರು. ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು ಹೇಳಿ? ಕಾಕಾ ಒಂದು ಸಲ ಅಪ್ಪನ ಮುಖ ನೋಡಿ, ಒಂದು ಸಲ ಚಕ್ರ ನೋಡಿ, "ಅನುಮಾನ ಅದ" ಎಂದುಬಿಟ್ಟರು.

ಅಂದಿನಿಂದ ಅಣ್ಣತಮ್ಮಂದಿರ ಮಾತು ನಿಂತಿತು. ಒಂದೆರಡು ದಿನವಲ್ಲ, ಒಂಬತ್ತು ವರ್ಷ! ವೈರಮನ್‌ನನ್ನು ಕರೆಸಿ ನೋಡಬಹುದಿತ್ತಲ್ಲ ಎನ್ನುತ್ತೀರಾ? ಯಾರು ಕರೆಸುತ್ತಾರೋ ಅವನು ಅವರ ಕಡೆಯವನು, ಹಾಗಾಗಿ ಇಬ್ಬರೂ ಕರೆಸಲಿಲ್ಲ. ಮೆಟ್ಟಿಲ ಮೇಲೆ ಬಲ್ಬಿಲ್ಲದೆ ಗೋಡೆ ಹಿಡಿದು ಹತ್ತುವುದನ್ನು ಎಲ್ಲರೂ ಕಲಿತೆವು. ಮಾತುಕತೆಯೆಲ್ಲ ನನ್ನ ಮೂಲಕ. "ಜೋಳ ಬಂದಾವ ಅಂತ ನಿಮ್ಮಪ್ಪಗ ಹೇಳು" ಎಂದು ಕಾಕಾ ನನಗೆ ಹೇಳುವಾಗ ಅಪ್ಪ ನನ್ನ ಪಕ್ಕದಲ್ಲೇ ನಿಂತಿರುತ್ತಿದ್ದರು. "ಮುಟ್ಟಿದವು ಅಂತ ನಿಮ್ಮ ಕಾಕಾಗ ಹೇಳು" ಎನ್ನುತ್ತಿದ್ದರು ಅಪ್ಪ. ಬೇರೆಯವರಿಗೆ ಹೇಳುವಾಗ ಇದನ್ನು ನಗುತ್ತಲೇ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಬಹಳ ನೋವಾಗುತ್ತಿತ್ತು, ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು.

ಆ ವರ್ಷಗಳಲ್ಲೇ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಅಪ್ಪ ಬಿಗುಮಾನದಿಂದ ಕೆಳಗೆ ಹೇಳಿ ಕಳಿಸಿರಲಿಲ್ಲ. ಅವರು ಬರುವ ಅರ್ಧ ತಾಸು ಮೊದಲು ಕಾಕು ನಾಲ್ಕು ಕುರ್ಚಿ ಹೊತ್ತು ಏದುಸಿರು ಬಿಡುತ್ತ ಮೇಲೆ ಬಂದರು. "ಮಿಕ್ಸರ್ ಮೂರ ಸಲ ತಿರಗೇದಂತ, ಮಂದಿ ಭಾಳ ಬರೋರಿದ್ದಾರ ಅಂತ ನಿಮ್ಮ ಕಾಕಾ ಕಳಿಸ್ಯಾರ" ಎಂದರು. ಕುರ್ಚಿಗಳು ಸರಿಯಾಗಿ ಸಾಕಾದವು. ಗಂಡು ಒಪ್ಪಲಿಲ್ಲ. ಅದನ್ನು ಮೀಟರು ಮೊದಲೇ ಹೇಳಿರಲಿಲ್ಲ.

ಹೀಗಿರುವಾಗ ಓಣಿಯಲ್ಲಿ ಸುದ್ದಿ ಹಬ್ಬಿತು: ಹಳೆಯ ಮೀಟರುಗಳನ್ನು ಕಿತ್ತು ಎಲ್ಲರ ಮನೆಗೂ ಹೊಸ ಎಲೆಕ್ಟ್ರಾನಿಕ್ ಮೀಟರು ಹಾಕುತ್ತಾರಂತೆ. ಸುದ್ದಿ ತಂದವನು ಎದುರು ಮನೆಯಲ್ಲಿ ಬಾಡಿಗೆಗಿದ್ದ, ಮಗರಪಟ್ಟಾದ ಆಫೀಸಿಗೆ ಹೋಗುವ ಬೆಂಗಳೂರಿನ ತರುಣ. "ತುಂಬಾ ಅಕ್ಯುರೇಟ್ ಅಂಕಲ್. ಒಳಗೆ ಚಕ್ರ ಗಿಕ್ರ ಏನೂ ಇರಲ್ಲ, ಒಂದು ಕೆಂಪು ಲೈಟ್ ಬ್ಲಿಂಕ್ ಆಗ್ತಿರತ್ತೆ ಅಷ್ಟೆ. ಮುಂದೆ ಆಫೀಸಲ್ಲಿ ಕೂತ್ಕೊಂಡೇ ಎಲ್ಲರ ಮೀಟರ್ ಓದ್ತಾರೆ" ಎಂದ. ಪಾಪ, ಅವನಿಗೆ ಕಾಕಾನ ಪರಿಚಯವಿರಲಿಲ್ಲ.

"ತಿರಗೂದಿಲ್ಲ ಅಂದ್ರ ಲೆಕ್ಕ ಹೆಂಗ ಹಾಕತದ?"

"ಲೈಟ್ ಬ್ಲಿಂಕ್ ಆಗತ್ತಲ್ಲ ಅಂಕಲ್."

"ಆ ಲೈಟಿಗೆ ಕರೆಂಟ್ ಯಾರ ಕೊಡ್ತಾರ?"

ಕಾಕಾ ಮುಂದುವರಿಸಿದರು: "ಈಗ ಓದಾಂವ ಮನಿಗೆ ಬರ್ತಾನ, ಚಹಾ ಕುಡಿತಾನ, ಅವನ ಮಾರಿ ನಾವ ನೋಡ್ತೇವಿ. ಬಾಗಲಕ್ಕ ಬರದನ ನಮ್ಮ ಮನಿ ಸುದ್ದಿ ತಿಳಕೊಳ್ಳಾಂವ ಎಂಥಾ ಮನಷ್ಯಾ?" ಮೆಟ್ಟಿಲ ಕೆಳಗೆ ಕೂತು ಮೇಲಿನ ಮನೆಯ ಮಿಕ್ಸರ್ ಎಣಿಸುವ ಮನುಷ್ಯ ಈ ಮಾತು ಹೇಳಿದ್ದು! ನಾನು ನಗು ತಡೆಯಲಾರದೆ ಒಳಗೆ ಓಡಿದೆ.

ಮೀಟರು ಹಾಕುವವರು ಬಂದಾಗ ಕಾಕಾ ಹಲಗೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಇವತ್ತು ಅಮಾವಾಸ್ಯೆ, ಹೊಸ ವಸ್ತು ಮನೆಯೊಳಗೆ ಬರಬಾರದು ಎಂದು ಮರಾಠಿಯಲ್ಲಿ ತಿಳಿಸಿ ಕಳಿಸಿದರು. ಎರಡನೆಯ ಸಲ ಮನೆಯಲ್ಲಿ ಸೂತಕವಿತ್ತು. ಯಾರು ತೀರಿಕೊಂಡರು ಎಂದು ಅವರು ಕಳವಳದಿಂದ ಕೇಳಿದರೆ "ದೂರದವರು" ಎಂದರು. ಎಷ್ಟು ದೂರದವರೆಂದರೆ ಕಾಕುಗೇ ಗೊತ್ತಿರಲಿಲ್ಲ! ಮೂರನೆಯ ಸಲ ಮತ್ತೊಂದು ಅಮಾವಾಸ್ಯೆಯಾಯಿತು. ಹಿಂದಿನ ಅಮಾವಾಸ್ಯೆಯಾಗಿ ಹನ್ನೊಂದೇ ದಿನವಾಗಿತ್ತು. ಪುಣೆಯ ಆಕಾಶದಲ್ಲಿ ಚಂದ್ರನೂ ಕಾಕಾಗೆ ಹೆದರುತ್ತಿದ್ದ ಎಂದು ಕಾಣುತ್ತದೆ.

ಆ ಮಳೆಗಾಲದಲ್ಲೇ ಅಪ್ಪನಿಗೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿದೆವು. ಕಾಕಾ ಅಂಗಡಿಗೆ ರಜೆ ಹಾಕಿ ಬಂದು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತರು. ಅಪ್ಪ ಅಲ್ಲಿ ಇದ್ದಷ್ಟು ದಿನವೂ ಕೂತರು, ಒಮ್ಮೆಯೂ ಒಳಗೆ ಬರಲಿಲ್ಲ. ಮಾತ್ರೆಯ ಚೀಟಿ ಹಿಡಿದು ಹೊರಗೆ ಬಂದರೆ ಕಸಿದುಕೊಂಡು ತಾವೇ ಔಷಧದ ಅಂಗಡಿಗೆ ಹೋಗುತ್ತಿದ್ದರು. ಅಪ್ಪನನ್ನು ಮನೆಗೆ ತಂದು, ಕುರ್ಚಿಯಲ್ಲಿ ಕೂರಿಸಿ ಹದಿನಾಲ್ಕು ಮೆಟ್ಟಿಲು ಹೊತ್ತು ಹತ್ತಿಸಿದಾಗ ಕಾಕಾ ಹಿಡಿದದ್ದು ಕುರ್ಚಿಯ ಹಿಂದಿನ ಕಾಲು. ಅಪ್ಪನಿಗೆ ಕಾಣಬಾರದಲ್ಲ!

ಈಗಲಾದರೂ ಮಾತಾಡುತ್ತಾರೆ ಎಂದುಕೊಂಡೆ. ಎಲ್ಲಿಯ ಮಾತು! ಮರುದಿನ ಬೆಳಿಗ್ಗೆಯಿಂದ ಕಾಕಾ ಮತ್ತೆ ಮೀಟರಿನ ಮುಂದೆ ಹಾಜರು. ಆರು ಗಂಟೆಗೆ ಹಾಲು ತರಲು ಇಳಿದರೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಅಣ್ಣ ಹಾಸಿಗೆ ಹಿಡಿದಿರುವಾಗಲೂ ಇವರಿಗೆ ತಮ್ಮ ಕರೆಂಟಿನದೇ ಚಿಂತೆಯಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಒಂದು ದಿನ ಮುಖದ ಮೇಲೆ ಹೇಳಿಯೂಬಿಟ್ಟೆ. "ನೀ ಹಾಲ ತಗೊಂಡ ಬಾ" ಎಂದರು, ಅಷ್ಟೇ.

ಮೀಟರಿನವರು ನಾಲ್ಕನೆಯ ಸಲ ಬಂದಾಗ ಕಾಕಾ ಅಂಗಡಿಯಲ್ಲಿದ್ದರು. ಕಾಕುಗೆ ಸುಳ್ಳು ಹೇಳಲು ಬರುವುದಿಲ್ಲ. ಕಾಕಾ ಊಟಕ್ಕೆ ಬರುವ ಹೊತ್ತಿಗೆ ಹಲಗೆಯ ಮೇಲೆ ಎರಡು ಬಿಳಿ ಡಬ್ಬಿಗಳು ಕೂತಿದ್ದವು. ಹಳೆಯವು ಹೊರಡಲು ನಿಂತಿದ್ದ ಮೀಟರಿನವನ ಚೀಲದಲ್ಲಿದ್ದವು. ಕಾಕಾ ಚೀಲವನ್ನು ಒಂದು ಸಲ ಇಣುಕಿ ನೋಡಿದರು. ನಂತರ ಒಳಗೆ ಹೋಗದೆ, ಚಪ್ಪಲಿ ಬಿಡದೆ, ಅಗ್ನಿಪರೀಕ್ಷೆ ಶುರು ಮಾಡಿದರು. ಕಾಕು ಎಲ್ಲ ಆರಿಸಿ "ಎಲ್ಲಾ ಬಂದ್ ಮಾಡೇನ್ರಿ" ಎಂದು ಕೂಗಿದರು. ಎಡಗಡೆಯ ಡಬ್ಬಿಯ ಕೆಂಪು ದೀಪ ಸ್ವಲ್ಪ ತಡೆದು ಒಮ್ಮೆ ಮಿಟುಕಿತು. ಮತ್ತೆ ತಡೆದು ಮತ್ತೊಮ್ಮೆ.

"ನೋಡ್ರಿ, ಬಂದ ದಿನಾನ ಸುಳ್ಳ" ಎಂದರು ಕಾಕಾ.

ಮೀಟರಿನವನು "ಕಾಕಾ, ಘರಾತ್ ಕಾಹೀತರಿ ಚಾಲೂ ಆಹೆ" ಎಂದ. ಮನೆಯೊಳಗೆ ಏನೋ ಉರಿಯುತ್ತಿದೆ ಎಂದರ್ಥ. ಏನೂ ಇಲ್ಲ ಎಂದು ಕಾಕಾ ವಾದಿಸಿದರು. ಅವನು ಒಳಗೆ ಹೋಗಿ ಒಂದೊಂದೇ ಕೋಣೆ ನೋಡುತ್ತ ದೇವರ ಗೂಡಿನ ಮುಂದೆ ನಿಂತ. ವೆಂಕಟರಮಣನ ಪಟದ ಹಿಂದೆ ಒಂದು ಕೆಂಪು ಝೀರೋ ಬಲ್ಬು ಹಗಲೂ ರಾತ್ರಿ ಉರಿಯುತ್ತಿತ್ತು. ಒಂಬತ್ತು ವರ್ಷದ ಹಿಂದೆ, ಚಕ್ರ ನಿಲ್ಲದ ಆ ಭಾನುವಾರಕ್ಕೆ ನಾಲ್ಕು ದಿನ ಮೊದಲು, ಕಾಕು ಹಚ್ಚಿಸಿದ್ದು.

"ಅದು ದೇವರದು. ಅದನ್ನ ಯಾರರ ಆರಸ್ತಾರೇನು?" ಎಂದರು ಕಾಕು.

"ಮತ್ತ ಅದು ಝೀರೋ ಬಲ್ಬ್. ಝೀರೋಕ್ಕ ಕರೆಂಟ ಎಲ್ಲಿ ಹತ್ತತದ?" ಎಂದರು ಕಾಕಾ.

ಝೀರೋ ಬಲ್ಬಿಗೂ ಹೊಟ್ಟೆಯಿದೆ, ಅದೂ ತಿನ್ನುತ್ತದೆ ಎಂದು ನಕ್ಕು ಅವನು ಸ್ವಿಚ್ಚು ಒತ್ತಿದ. ಕೆಂಪು ದೀಪ ಮಿಟುಕುವುದು ನಿಂತಿತು. ಮೆಟ್ಟಿಲ ಬಲ್ಬಿನ ವೈರು ಯಾರ ಮೀಟರಿನದು ಎಂದು ನಾನು ಕೇಳಿದೆ. ಬಲಗಡೆಯದು, ಮೇಲಿನ ಮನೆಯದು ಎಂದ. ಮಾಡಿದ ಕೆಲಸಕ್ಕೆ ಸಹಿ ಹಾಕಿಸಿಕೊಂಡು, ಚೀಲ ಹೆಗಲಿಗೇರಿಸಿ ಹೊರಟುಹೋದ. ಒಂಬತ್ತು ವರ್ಷದ ಜಗಳವನ್ನು ಐದು ನಿಮಿಷದಲ್ಲಿ ಬಿಚ್ಚಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಕಾಕಾ ಅಂದು ಊಟ ಮಾಡಲಿಲ್ಲ. ಮೇಲೆ ಮಲಗಿದ್ದ ಅಪ್ಪನಿಗೆ ಎಲ್ಲವೂ ಕೇಳಿಸಿತ್ತು.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಎಂದಿನಂತೆ ಅಪ್ಪನ ಸ್ನಾನಕ್ಕೆ ಗೀಜರ್ ಹಾಕಿ ಅಡುಗೆಮನೆಗೆ ಬಂದೆ. ಮೆಟ್ಟಿಲ ಮೇಲೆ ಯಾರೋ ಗೋಡೆ ಹಿಡಿದು ನಿಧಾನವಾಗಿ ಹತ್ತುವ ಸದ್ದು ಕೇಳಿಸಿತು. ಬಾಗಿಲು ತೆರೆದರೆ ಕಾಕಾ. ಒಂಬತ್ತು ವರ್ಷಗಳಲ್ಲಿ ಕುರ್ಚಿ ಹೊತ್ತ ಆ ಒಂದು ದಿನ ಬಿಟ್ಟರೆ ಅವರು ಮೇಲೆ ಬಂದವರಲ್ಲ. ನನ್ನನ್ನು ದಾಟಿ ನೇರವಾಗಿ ಅಪ್ಪನ ಮಂಚದ ಹತ್ತಿರ ಹೋಗಿ ನಿಂತರು. ಅಪ್ಪ ಎದ್ದು ಕೂತಿದ್ದರು. ಇಬ್ಬರೂ ಅಭ್ಯಾಸಬಲದಿಂದ ಒಮ್ಮೆ ನನ್ನ ಕಡೆ ನೋಡಿದರು. ನಾನು ಬಾಯಿ ಬಿಡಲಿಲ್ಲ.

"ಅಣ್ಣಾ" ಎಂದರು ಕಾಕಾ. "ದಿನಾ ಆರಕ್ಕ ನಿನ್ನ ಚಕ್ರ ಭರ್ರಂತ ತಿರಗತಿತ್ತು. ಗೀಜರ್ ಹಚ್ಯಾರ, ಅಣ್ಣ ಎದ್ದಾನ ಅಂತ ತಿಳೀತಿತ್ತು. ಒಂಬತ್ತು ವರ್ಷ ಹಂಗ ನೋಡೇನಿ. ನೀ ದವಾಖಾನ್ಯಾಗಿಂದ ಬಂದ ಮ್ಯಾಲ ಅದನ್ನ ನೋಡೂ ತನಕ ಚಹಾ ಗಂಟಲಾಗ ಇಳೀತಿದ್ದಿಲ್ಲ."

"ಇವತ್ತ?" ಎಂದು ಅಪ್ಪ ಕೇಳಿದರು.

"ಇವತ್ತ ಆ ದೀಪ ಜಲ್ದಿ ಜಲ್ದಿ ಮಿಟುಕ್ತು. ನೀ ಎದ್ದೀ ಅಂತನ ಹೇಳ್ತು. ಆದ್ರ ನನಗ ಅದರ ಮ್ಯಾಲ ಭರೋಸಾ ಇಲ್ಲ. ಖುದ್ದು ನೋಡೂಣು ಅಂತ ಬಂದೆ."

ಅಪ್ಪ ಮಂಚದ ಮೇಲೆ ಸರಿದು ತಮ್ಮನಿಗೆ ಜಾಗ ಮಾಡಿದರು. ಕಾಕಾ ಕೂತರು. ಅಪ್ಪ ಅವರ ಮೊಣಕಾಲ ಮೇಲೆ ಕೈಯಿಟ್ಟು ಹೇಳಿದರು:

"ಭರೋಸಾ ಇಡಬ್ಯಾಡ. ದಿನಾ ಬಂದು ನೋಡ್ಕೊಂಡು ಹೋಗು."