ಎಕಂಬಾದ ಡ್ರಮ್ಮರ್ ಮತ್ತು ನಮ್ಮ ಮಾವನ ರಾಕ್ ಬ್ಯಾಂಡು

ಜಗತ್ತಿನ ರಾಕ್ ಬ್ಯಾಂಡುಗಳೆಲ್ಲ ಮೊದಲು ಹಾಡು ಕಲಿತು, ಆಮೇಲೆ ಹೆಸರು ಮಾಡಿ, ಕೊನೆಗೆ ಜಗಳವಾಡಿ ಒಡೆದುಹೋಗುತ್ತವಂತೆ. ನನ್ನ ಸೋದರಮಾವನ ಬ್ಯಾಂಡು ಜಗಳದಿಂದಲೇ ಶುರುವಾಯಿತು. ಹಾಡು ಕಲಿಯುವುದಕ್ಕೆ ಇನ್ನೂ ಸಮಯವಿತ್ತು.

ಮಾವ ಬೀದರಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರರು. ಭಾನುವಾರ ಚರ್ಚಿನಲ್ಲಿ ಗಿಟಾರ್ ನುಡಿಸುತ್ತಿದ್ದರು. ಹಿರಿಯರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೆಲವರನ್ನು ಆಮೇಲೆ ಎಬ್ಬಿಸಬೇಕಾಗುತ್ತಿತ್ತು. ಐವತ್ತು ದಾಟಿದ ಮೇಲೆ ಅವರಿಗೆ ಫೋನಿನಲ್ಲಿ ಪ್ರಸಿದ್ಧ ಬ್ಯಾಂಡುಗಳ ಕಥೆ ನೋಡುವ ಚಟ ಹತ್ತಿತು. ಯಾರು ಯಾಕೆ ಕೂದಲು ಬಿಟ್ಟರು, ಯಾರು ವೇದಿಕೆಯ ಮೇಲೆ ಗಿಟಾರ್ ಒಡೆದರು, ಎಲ್ಲ ಬಾಯಿಪಾಠ. ಹೆಸರು ಬರಬೇಕಾದರೆ ಉದ್ದ ಕೂದಲು, ಕರಿ ಜಾಕೀಟು, ಒಂದು ಗ್ಯಾರೇಜು ಮತ್ತು ಬೈಯಲಿಕ್ಕೆ ಒಬ್ಬ ಮ್ಯಾನೇಜರ್ ಬೇಕೆಂದು ಅವರಿಗೆ ಖಾತ್ರಿಯಾಯಿತು. ಮ್ಯಾನೇಜರ್ ನಾನಾದೆ.

ಕೂದಲು ಮಾವನ ತಲೆ ಬಿಟ್ಟು ಬಹಳ ಕಾಲವಾಗಿತ್ತು. ಆದ್ದರಿಂದ ಕಿವಿಯ ಹಿಂದೆ ಉಳಿದದ್ದನ್ನೇ ಬೆಳೆಸಿದರು. ಜಾಕೀಟು ತೊಟ್ಟದ್ದು ಮೇ ತಿಂಗಳಲ್ಲಿ. ಬೀದರಿನ ಮೇ ತಿಂಗಳು ಕಂಡವರಿಗೆ ಮುಂದಿನದನ್ನು ಹೇಳಬೇಕೆ? ನರ್ಸ್ ಆಗಿ ನಿವೃತ್ತರಾದ ಅತ್ತೆ ವಾರಗಟ್ಟಲೆ ಅವರ ಬೆನ್ನಿಗೆ ಬೆವರುಸಾಲೆ ಪುಡಿ ಹಾಕಿದರು. ಹೆಸರು ಬರುವ ತನಕ ಬನಿಯನ್ನಿನ ಮೇಲೇ ಇರಿ ಎಂದು ಸಲಹೆಯನ್ನೂ ಕೊಟ್ಟರು.

ಕಾರಿಲ್ಲದ ಮನೆಯಲ್ಲಿ ಗ್ಯಾರೇಜು ಎಲ್ಲಿಂದ ಬರಬೇಕು? ನೌಬಾದದ ಮನೆಯ ಹಿಂದೆ ಅತ್ತೆಯ ಕೋಳಿಗಳಿದ್ದ ತಗಡಿನ ಶೆಡ್ಡಿತ್ತು. ಕೋಳಿಗಳು ಹೊರಗೆ ಬಂದವು, ಬ್ಯಾಂಡು ಒಳಗೆ ಹೋಯಿತು. ಬಾಗಿಲಿಗೆ ಬ್ಯಾಂಡೆಂಬ ಬೋರ್ಡು ಬಿದ್ದ ಮರುದಿನವೇ ಒಬ್ಬ ಹಿರಿಯರು ಬಂದು ಮಗನ ಮದುವೆಯ ತಾರೀಖು ಹೇಳಿದರು. ಮಾವ ಅವರನ್ನು ಕೂರಿಸಿ ರಾಕ್ ಎಂದರೇನು, ಹೆವಿ ಮೆಟಲ್ ಅದರಿಂದ ಎಲ್ಲಿ ಬೇರೆಯಾಗುತ್ತದೆ ಎಂದು ವಿವರವಾಗಿ ತಿಳಿಸಿದರು. ಅವರು ತಾಳ್ಮೆಯಿಂದ ಕೇಳಿ, "ಅದೆಲ್ಲಾ ಖರೇ ಅದರಿ. ಮದುಮಗನ ಕುದುರಿ ನಿಮ್ದೇ ಇರ್ತದೇನ್ರಿ, ನಾವೇ ತರಬೇಕೇನ್ರಿ?" ಎಂದರು.

ಜಗಳದ ವಿಷಯಕ್ಕೆ ಬರುತ್ತೇನೆ. ಡ್ರಮ್ ಬಾರಿಸಲು ಬಂದವನು ಅದೇ ಶಾಲೆಯ ಗಣಿತದ ಮಾಸ್ತರ, ಔರಾದ್ ತಾಲೂಕಿನ ಎಕಂಬಾದವನು. ಮೊದಲ ದಿನವೇ ಮಾವ, ಫೋಟೋದಲ್ಲಿ ನಡುವೆ ಯಾರು ನಿಲ್ಲಬೇಕೆಂದು ಅವನೊಡನೆ ಜಗಳ ತೆಗೆದರು. ಅವನು ನೀವೇ ನಿಲ್ಲಿ ಸರ್ ಎಂದುಬಿಟ್ಟ. ಜಗಳಕ್ಕೆ ಸಹಕರಿಸದ ಇಂಥವನನ್ನು ಕಟ್ಟಿಕೊಂಡು ಯಾವ ಬ್ಯಾಂಡು ಮುಂದೆ ಬಂದೀತೆಂದು ಮಾವ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಅವನು ಬಾರಿಸಿದ್ದನ್ನು ಕೇಳಿ ತಾವೇ ಚಹಾ ತಂದುಕೊಟ್ಟರು. ಮಾವನ ಗಿಟಾರು ಎಲ್ಲೇ ದಾರಿ ತಪ್ಪಲಿ, ಅವನ ಡ್ರಮ್ಮು ಕೈಹಿಡಿದು ಮನೆಗೆ ತಂದು ಬಿಡುತ್ತಿತ್ತು.

ಅಂತೂ ಭಾಲ್ಕಿಯ ಒಂದು ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ ಕರೆ ಬಂತು. ಅದೇ ವಾರ ಡ್ರಮ್ಮಿನ ಹುಡುಗ ಶೆಡ್ಡಿಗೆ ಬರುವುದನ್ನು ನಿಲ್ಲಿಸಿದ. ತಂದೆ ಬೇಡ ಎಂದಿದ್ದಾರೆ ಎಂದಷ್ಟೇ ಹೇಳಿದ.

ಮಾವ ನನ್ನನ್ನು ಕರೆದುಕೊಂಡು ಎಕಂಬಾಕ್ಕೆ ಹೊರಟರು, ಜಾಕೀಟಿನ ಸಮೇತ. ಹುಡುಗನ ತಂದೆ ಹೊಲದಿಂದ ಬಂದು ಕೈಕಾಲು ತೊಳೆದು ನಮ್ಮೆದುರು ಕುಳಿತರು. ಗೋಡೆಯ ಮೇಲೆ ಬುದ್ಧನ ಪಟವಿತ್ತು. ಬಡ ಓಣಿಗಳಲ್ಲಿ ಹುಟ್ಟಿ ಜಗತ್ತನ್ನೇ ಕುಣಿಸಿದ ಬ್ಯಾಂಡುಗಳ ಕಥೆಗಳನ್ನು ಮಾವ ಒಂದಾದ ಮೇಲೊಂದು ಹೇಳಿದರು. ಆ ಮನುಷ್ಯ ಪೂರ್ತಿ ಕೇಳಿಸಿಕೊಂಡರು.

"ಮಾಸ್ತರ್ರ, ಊರಾಗ ಯಾರೇ ಸತ್ರೂ ನಾನೇ ಹಲಗಿ ಬಾರಿಸಬೇಕಿತ್ತು. ಒಲ್ಲೆ ಅನ್ನಂಗಿರಲಿಲ್ಲ. ಬೌದ್ಧ ದೀಕ್ಷಾ ತಗೊಂಡ ದಿನ ಅದನ್ನ ಕೆಳಗಿಟ್ಟೀನಿ. ಮಗನ ಕೈಯಾಗ ಬೋರ್ಡಿನ ಮ್ಯಾಲ ಬರಿಯೂ ಖಡು ಬರಲಿ ಅಂತ ಸಾಲಿ ಕಲಿಸ್ದೆ. ನೀವು ಮತ್ತ ಕೋಲು ಕೊಡ್ತೀರೇನ್ರಿ?"

ಮಾವ ಜಾಕೀಟು ಬಿಚ್ಚಿ ಮಡಚಿ ಪಕ್ಕಕ್ಕಿಟ್ಟರು. "ನೀವೂ ಬರ್ರಿ. ಮುಂದ ಕುಂದ್ರಿ. ಸರಿ ಅನಸದಿದ್ರ ಕೈ ಎತ್ರಿ, ಅಲ್ಲೇ ನಿಲ್ಲಸ್ತೇನಿ" ಎಂದರು.

ಹುಡುಗನ ತಂದೆ ಭಾಲ್ಕಿಗೆ ಬಂದರು. ಬಿಳಿ ಅಂಗಿ ತೊಟ್ಟು ಮೊದಲ ಸಾಲಿನಲ್ಲಿ ಕುಳಿತರು. ಮಾವ ಎರಡನೆಯ ಹಾಡಿನಲ್ಲಿ ಸಾಲು ಮರೆತು, ಮೂರನೆಯದರಲ್ಲಿ ವೈರು ತೊಡರಿ ಮೊಣಕಾಲೂರಿದರು. ಕಾಲೇಜಿನ ಹುಡುಗರು ಅದನ್ನು ಸ್ಟೈಲೆಂದು ತಿಳಿದು ಸಿಳ್ಳೆ ಹೊಡೆದರು. ಆಗ ಗಿಟಾರು ನಿಂತುಹೋಗಿ ಡ್ರಮ್ಮೊಂದೇ ಉಳಿಯಿತು. ಮಾವ ಏಳಲೇ ಇಲ್ಲ. ಕುಳಿತಲ್ಲಿಂದಲೇ ಆ ತಂದೆಯ ಕೈಯನ್ನೇ ನೋಡುತ್ತಿದ್ದರು. ಕೈ ತೊಡೆಯ ಮೇಲೇ ಇತ್ತು. ಹುಡುಗ ಮುಗಿಸಿದಾಗ ಇಡೀ ಸಭಾಂಗಣ ಎದ್ದು ನಿಂತಿತು.

ಎಲ್ಲ ಮುಗಿದ ಮೇಲೆ ಆ ತಂದೆ ಮೆಲ್ಲಗೆ ವೇದಿಕೆಯ ಹಿಂದೆ ಬಂದರು.

"ನಿಮ್ಮ ಹಾಡು ತಿಳೀಲಿಲ್ರಿ," ಎಂದರು ಅವರು. ಮಗನ ಕಡೆ ನೋಡಿ, "ನಾ ಬಾರಸೂವಾಗ ಮಂದಿ ದೂರ ಸರೀತಿದ್ರು. ಇವತ್ತ ಎದ್ದು ನಿಂತ್ರು" ಎಂದರು.

ಆಮೇಲೆ ಮಗನ ಅಂಗೈ ಹಿಡಿದು ಬೆಳಕಿಗೆ ತಿರುಗಿಸಿದರು. ಬೆರಳ ಬುಡದಲ್ಲಿ ಬೊಬ್ಬೆಗಳು ಎದ್ದಿದ್ದವು. ಹೆಬ್ಬೆರಳಿನಿಂದ ಅವನ್ನು ಒಂದೊಂದಾಗಿ ಸವರಿದರು.

"ಮನಿಗಿ ನಡಿ," ಎಂದರು. "ಎಣ್ಣಿ ಹಚ್ತೇನಿ."