ಕೊಕ್ಕರೆ, ತಾವರೆ ಮತ್ತು ಒಂದು ಖಾಯಂ ಹುದ್ದೆ

ಕನಿಷ್ಠ ಮೂವರು ಅಭ್ಯರ್ಥಿಗಳನ್ನು ಪರಸ್ಪರ ಹೋಲಿಸದೆ ಕೆರೆ ಕಾವಲಿನ ಹುದ್ದೆಯಲ್ಲಿ ಯಾರನ್ನೂ ಖಾಯಂ ಮಾಡತಕ್ಕದ್ದಲ್ಲ ಎಂಬುದು ಇಲಾಖೆಯ ನಿಯಮ. ಅರ್ಜಿ ಹಾಕಿದವನು ಒಬ್ಬನೇ, ಹನ್ನೊಂದು ವರ್ಷದಿಂದ ಅದೇ ದಡದಲ್ಲಿ ತಾತ್ಕಾಲಿಕವಾಗಿ ನಿಂತಿದ್ದ ಕಾವಲುಗಾರ. ಈ ಸಲ ತಪ್ಪಿದರೆ ಅವನ ವಯೋಮಿತಿ ಮೀರಿಹೋಗುತ್ತಿತ್ತು.

ಅವನ ಜೋಲುಮೋರೆ ನೋಡಿ ಗುಮಾಸ್ತರ ಮನಸ್ಸು ಕರಗಿತು. ಕಿಟಕಿಯಾಚೆ ಇಣುಕಿದರು.

"ಅಲ್ಲಿ ನಿಂತಿರೋದು ಯಾರಯ್ಯ?"

"ಕೊಕ್ಕರೆ, ಸಾರ್."

"ಪಕ್ಕದಲ್ಲಿ?"

"ತಾವರೆ ಹೂವು."

"ಎರಡನ್ನೂ ಬರ್ಕೋತೀನಿ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ನೀನು ಹೆದರಬೇಡ."

ಕಾವಲುಗಾರನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಓಡಿಹೋಗಿ ಹೆಂಡತಿಗೆ ಸುದ್ದಿ ಮುಟ್ಟಿಸಿದ.

ಕಡತ ಮೇಲಕ್ಕೆ ಹೋಯಿತು. ಪಟ್ಟಿಯಲ್ಲಿದ್ದವರೆಲ್ಲ ಅಭ್ಯರ್ಥಿಗಳೇ ಎಂದು ಮೇಲಿನವರು ಭಾವಿಸಿದರು. ಪರಿಶೀಲನಾ ಸಮಿತಿಯೊಂದು ಕೊಡೆ ಹಿಡಿದು ದಡದಲ್ಲಿ ಬಂದು ಕೂತಿತು. ಮೊದಲ ದಿನವೇ ಕಾವಲುಗಾರ ಚಹಾ ತರಲು ಹತ್ತು ನಿಮಿಷ ಜಾಗ ಬಿಟ್ಟು ಸ್ಪರ್ಧೆಯಿಂದ ಹೊರಬಿದ್ದ. ಆ ಚಹಾ ತರಿಸಿ ಕುಡಿದದ್ದು ಸಮಿತಿಯೇ ಎಂದು ದಾಖಲಿಸಲು ನಮೂನೆಯಲ್ಲಿ ಅಂಕಣ ಇರಲಿಲ್ಲ.

ಉಳಿದದ್ದು ಕೊಕ್ಕರೆ ಮತ್ತು ತಾವರೆ. ಇಬ್ಬರೂ ನೀರಲ್ಲಿ ಒಂಟಿಕಾಲಲ್ಲೇ ನಿಲ್ಲುವವರಾದ್ದರಿಂದ ಅಲ್ಲಿ ಅಂಕ ಸಮ. ಕೊಕ್ಕರೆಯ ಏಕಾಗ್ರತೆ ಶ್ಲಾಘನೀಯವಾಗಿತ್ತು. ಆದರೆ ಕರ್ತವ್ಯದ ವೇಳೆಯಲ್ಲೇ ಇಲಾಖೆಯ ಏಳು ಮೀನು ನುಂಗಿದ್ದು ಕಂಡುಬಂತು. ಲಿಖಿತ ವಿವರಣೆ ಕೇಳಲಾಗಿ, ಹಾರಿಹೋಯಿತು. ತಾವರೆಯಾದರೋ ಕಚೇರಿ ತೆರೆಯುವ ಹೊತ್ತಿಗೆ ಅರಳಿತು, ಮುಚ್ಚುವ ಹೊತ್ತಿಗೆ ಮುಚ್ಚಿತು. ಕೆಸರಲ್ಲಿದ್ದೂ ಕೆಸರು ಮೆತ್ತಿಕೊಳ್ಳಲಿಲ್ಲ. ಇಂಥ ನೌಕರರನ್ನು ತಮ್ಮ ಸೇವಾವಧಿಯಲ್ಲೇ ಕಂಡಿಲ್ಲವೆಂದು ಅಧ್ಯಕ್ಷರು ಷರಾ ಬರೆದರು.

ತಾವರೆ ಖಾಯಂ ಆಯಿತು. ಅದಕ್ಕೆ ಕೈ ಇಲ್ಲದ ಕಾರಣ, ಅದರ ಪರವಾಗಿ ಹಾಜರಿ ಪುಸ್ತಕದಲ್ಲಿ ಸಹಿ ಹಾಕಲು ಕಾವಲುಗಾರನನ್ನೇ ತಾತ್ಕಾಲಿಕವಾಗಿ ನೇಮಿಸಲಾಯಿತು.

"ಖಾಯಂ ಆಯ್ತೇನ್ರೀ?" ಹೆಂಡತಿ ಬಾಗಿಲಲ್ಲೇ ಕೇಳಿದಳು.

"ನಂಗಲ್ಲ. ಆದವರ ಕೈಕೆಳಗೆ ಕೆಲಸ ಸಿಕ್ತು." ಅವನಿಗೆ ಅಳು ಬರುತ್ತಿತ್ತು.

"ಸಾಹೇಬರು ಹೇಗೆ?"

"ಒಳ್ಳೆಯವರು. ಬೈಯೋದಿಲ್ಲ. ಆದ್ರೆ ನಾಳಿದ್ದು ಉದುರಿಹೋಗ್ತಾರೆ."

ಅವಳಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಆಮೇಲೆ ನಿಮಗೇ."

"ಇಲ್ಲ ಕಣೇ. ಪಕ್ಕದಲ್ಲಿ ಅವರದೇ ಒಂದು ಮೊಗ್ಗಿದೆ. ಅನುಕಂಪದ ನೌಕರಿ ಅದಕ್ಕೆ ಹೋಗುತ್ತೆ."

ಹೆಂಡತಿ ಬಾಗಿಲಿನಿಂದ ಸರಿದು ಅವನಿಗೆ ದಾರಿ ಬಿಟ್ಟಳು.

"ಪಾಪ, ಇನ್ನೂ ಎಳೇದು," ಎಂದಳು. "ನೀವೇ ಜೊತೆಗಿದ್ದು ಕೆಲಸ ಕಲಿಸಿಕೊಡಿ."